ಒಂದೇ ಜಾಗ, ಹಲವು ಕಣ್ಣು: ಬಳಪದ ಕಲ್ಲು ಮತ್ತು ತುಂಡಾದ ಒಂದು ಶಾಫ್ಟ್

ಹಾಸನದಲ್ಲಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ

ನನ್ನ ಕೈಯಲ್ಲಿ ಎರಡು ಕಲ್ಲಿನ ಚೂರುಗಳಿವೆ. ಎಡಗೈಯಲ್ಲಿರುವುದು ಬಳಪದ ಕಲ್ಲು. ಬಲಗೈಯದು ಗ್ರಾನೈಟ್. ಮುಂದಿನ ಸಾಲಿನಲ್ಲಿ ಕೂತವರು ತಗೊಳ್ಳಿ, ಉಗುರಿನಿಂದ ಗೀರಿ ನೋಡಿ, ಹಿಂದಕ್ಕೆ ದಾಟಿಸಿ.

ಬಳಪದ ಕಲ್ಲಿನ ಮೇಲೆ ಬಿಳಿ ಗೆರೆ ಬಿತ್ತು, ಅಲ್ವಾ? ಬೆರಳಿಗೂ ಸ್ವಲ್ಪ ಪುಡಿ ಹತ್ತಿರುತ್ತದೆ. ಸೋಪು ಮುಟ್ಟಿದ ಹಾಗೆ ನುಣುಪು. ಗ್ರಾನೈಟ್ ಮೇಲೆ ಏನೂ ಬೀಳಲಿಲ್ಲ, ನಿಮ್ಮ ಉಗುರೇ ಸವೆಯಿತು. ಎರಡೂ ನಮ್ಮ ಜಿಲ್ಲೆಯ ಕಥೆಯೇ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ ನಿಂತಿರುವುದು ಗ್ರಾನೈಟ್ ಜಾತಿಯ ಗಟ್ಟಿ ಬೆಟ್ಟದಲ್ಲಿ, ಬೆಟ್ಟವನ್ನೇ ಕಡೆದು. ಬೇಲೂರು, ಹಳೇಬೀಡಿನ ಗುಡಿಗಳು ಎದ್ದಿದ್ದು ಈ ಬಳಪದ ಕಲ್ಲಿನಲ್ಲಿ. ಗೊಮ್ಮಟನ ಮೈ ನೋಡಿ: ದೊಡ್ಡ ದೊಡ್ಡ ನಯವಾದ ಇಳಿಜಾರು, ಬಿಡಿ ಬಿಡಿ ಗೆರೆ. ಬೇಲೂರಿನ ಮದನಿಕೆಯನ್ನು ನೋಡಿ: ಜಡೆಯ ಎಳೆ ಎಳೆಯೂ ಬೇರೆ, ಬಳೆಯ ಹಿಂದೆ ಬೆಳಕು ಹಾಯುತ್ತದೆ. ಒಳಗಿನ ಕಂಬಗಳಂತೂ ಲೇತ್‌ಗೆ ಹಾಕಿ ತಿರುಗಿಸಿದ ಹಾಗಿವೆ. ಕಲಾವಿದರ ಮನಸ್ಸು ಅದರ ಹಿಂದಿದೆ, ನಿಜ. ಆದರೆ ಆ ಮನಸ್ಸಿಗೆ ಕಲ್ಲು ಒಪ್ಪಬೇಕು. ಬೇಲೂರಿನ ಕಲ್ಲು ಒಪ್ಪಿತು. ಯಾಕೆ ಒಪ್ಪಿತು ಅನ್ನುವುದು ಇವತ್ತಿನ ನನ್ನ ಪ್ರಶ್ನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಚೂರು ಗುಡಿಯದಲ್ಲ. ಈಗ ಕೆಲಸ ಮಾಡುತ್ತಿರುವ ಶಿಲ್ಪಿಯೊಬ್ಬರ ಅಂಗಳದಲ್ಲಿ ಬಿದ್ದಿದ್ದ ಚಕ್ಕೆ, ಅವರನ್ನು ಕೇಳಿ ತಂದಿದ್ದು. ಗುಡಿಯ ಕಲ್ಲಿನಿಂದ ಸಾಸಿವೆಯಷ್ಟೂ ತೆಗೆಯಬಾರದು. ಅದು ಕಾನೂನಿಗೂ ವಿರುದ್ಧ, 900 ವರ್ಷದ ಕೆಲಸಕ್ಕೂ ದ್ರೋಹ. ಇಲ್ಲಿರುವ ಹುಡುಗರು ಉತ್ಸಾಹದಲ್ಲಿ ಹಾಗೆ ಮಾಡಬಾರದು ಅಂತ ಬೇಡಿಕೊಳ್ಳುತ್ತೇನೆ.

ಈಗ ಪ್ರಶ್ನೆಗೆ ಬರೋಣ. ಈ ಕಲ್ಲು ಮೆತ್ತಗಿದೆ ಅಂತ ನಿಮ್ಮ ಉಗುರು ಹೇಳಿತು. ಆ ಮೆತ್ತಗಿರುವ ಗುಣ ಕಲ್ಲಿನಲ್ಲಿ ಎಲ್ಲಿದೆ? ಇಡೀ ಚೂರಿನಲ್ಲಾ? ಅದರ ಕಣದಲ್ಲಾ? ಕಣದೊಳಗಿನ ಪದರದಲ್ಲಾ? ಕಣ ಕಣ ಸೇರುವ ಅಂಚಿನಲ್ಲಾ?

ಇಲ್ಲೇ ಅಳತೆಯ ಪ್ರಶ್ನೆ ಏಳುತ್ತದೆ. ಮೈಕ್ರೋಮೀಟರ್, ನ್ಯಾನೋಮೀಟರ್ ಅಂತ ಹೇಳುತ್ತಾ ಹೋದರೆ ಎಲ್ಲ ಒಂದೇ ಥರ ಕೇಳುತ್ತದೆ. ಅದಕ್ಕೆ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದು ಸೆಂಟಿಮೀಟರ್ ಕಲ್ಲಿನ ಚೂರನ್ನು ಹಾಸನದಿಂದ ಬೇಲೂರಿನವರೆಗೆ ಹಿಗ್ಗಿಸಿದೆವು ಅಂದುಕೊಳ್ಳಿ. ಸುಮಾರು 40 ಕಿಲೋಮೀಟರ್. ಅಂದರೆ 40 ಲಕ್ಷ ಪಟ್ಟು. ಈಗ ನಿಮ್ಮ ಬರಿಗಣ್ಣಿಗೆ ಕಾಣುವ ಅತಿ ಚಿಕ್ಕ ಚುಕ್ಕೆ, ಸುಮಾರು 0.1 ಮಿಲಿಮೀಟರ್, ಈ ದಾರಿಯಲ್ಲಿ 400 ಮೀಟರ್ ಆಗುತ್ತದೆ. ಒಂದು ಸಣ್ಣ ಊರಿನ ಉದ್ದ. ಒಂದು ಮೈಕ್ರೋಮೀಟರ್ ಅಂದರೆ 4 ಮೀಟರ್, ಮನೆಯ ಒಂದು ಕೋಣೆ. ಬೆಳಕಿನ ಮೈಕ್ರೋಸ್ಕೋಪಿಗೆ ಎಟುಕುವ ಕೊನೆ, ಸುಮಾರು 200 ನ್ಯಾನೋಮೀಟರ್, ಇಲ್ಲಿ 80 ಸೆಂಟಿಮೀಟರ್, ಕಿರಿದಾದ ಒಂದು ಬಾಗಿಲು. ಒಂದು ನ್ಯಾನೋಮೀಟರ್ ಅಂದರೆ 4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕಾಳುಮೆಣಸು.

ಹಾಸನದಿಂದ ಬೇಲೂರಿನ ದಾರಿಯಲ್ಲಿ ಒಂದು ಕಾಳುಮೆಣಸು ಹುಡುಕಬೇಕು. ಯಾರು ಹುಡುಕುತ್ತಾರೆ? ಕಾಳು ಕಾಣುವಷ್ಟು ಚುರುಕಾದ ಕಣ್ಣಿಗೆ ರಸ್ತೆ ಕಾಣುವುದಿಲ್ಲ. ರಸ್ತೆ ಪೂರ್ತಿ ಕಾಣುವ ಕಣ್ಣಿಗೆ ಕಾಳು ಕಾಣುವುದಿಲ್ಲ. ಅದಕ್ಕೇ ಹಲವು ಕಣ್ಣು ಬೇಕು. ಮತ್ತು ಆ ಕಣ್ಣುಗಳೆಲ್ಲ ಒಂದೇ ಜಾಗವನ್ನು ನೋಡಬೇಕು. ಒಬ್ಬ ದಾರಿ ನಡುವಿನ ಹಗರೆಯಲ್ಲಿ ನೋಡಿ, ಇನ್ನೊಬ್ಬ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ನೋಡಿ, ಇಬ್ಬರ ಮಾತನ್ನೂ ಒಂದೇ ಜಾಗದ ವರದಿ ಅಂತ ಬರೆದರೆ ತಪ್ಪಾಗುತ್ತದೆ. ಪ್ರಯೋಗಾಲಯಗಳಲ್ಲಿ ಈ ತಪ್ಪು ತುಂಬಾ ನಡೆಯುತ್ತದೆ.

ಕಲ್ಲನ್ನು ನೋಡೋಣ. ಚಕ್ಕೆಯ ಒಂದು ಹೋಳನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಬರುವ ತನಕ ಉಜ್ಜುತ್ತೇವೆ. ಅಷ್ಟು ತೆಳುವಾದರೆ ಕಲ್ಲಿನೊಳಗೂ ಬೆಳಕು ಹಾಯುತ್ತದೆ. ಕೆಳಗೊಂದು, ಮೇಲೊಂದು ಪೋಲರಾಯ್ಡ್ ಹಾಳೆ, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ ಇಟ್ಟು, ಒಂದಕ್ಕೊಂದು ಅಡ್ಡಡ್ಡ ತಿರುಗಿಸಿ ನೋಡಿದರೆ ಬೂದು ಬಣ್ಣದ ಈ ಕಲ್ಲು ಸೀರೆಯ ಅಂಗಡಿಯಾಗುತ್ತದೆ. ಟಾಲ್ಕ್ ಅನ್ನುವ ಖನಿಜ, ಪೌಡರ್ ಡಬ್ಬಿಯಲ್ಲಿರುತ್ತಲ್ಲ ಅದೇ, ಗುಲಾಬಿ, ಹಳದಿ, ಹಸಿರಾಗಿ ಹೊಳೆಯುತ್ತದೆ. ಪಕ್ಕದಲ್ಲಿರುವ ಕ್ಲೋರೈಟ್ ಮಂಕಾಗಿ, ಕೆಲವೊಮ್ಮೆ ವಿಚಿತ್ರವಾದ ನೀಲಿಯಾಗಿ ಕಾಣುತ್ತದೆ. ಅಲ್ಲಲ್ಲಿ ಎಷ್ಟು ತಿರುಗಿಸಿದರೂ ಕಪ್ಪಾಗೇ ಉಳಿಯುವ ಕಣಗಳಿರುತ್ತವೆ. ಆ ಕಲ್ಲಿನ ಪುಡಿಗೆ ಅಯಸ್ಕಾಂತ ಹಿಡಿದರೆ ಒಂದಿಷ್ಟು ಅಂಟಿಕೊಳ್ಳುತ್ತದೆ. ಮ್ಯಾಗ್ನೆಟೈಟ್ ಅದು. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆದರಲ್ಲ, ಅದೇ ಜಾತಿಯ ಅದಿರು.

ಹೀಗೆ ಕಲ್ಲನ್ನು ತೆಳುವಾಗಿ ಉಜ್ಜಿ ನೋಡುವ ಕೆಲಸವನ್ನು ರೂಢಿಗೆ ತಂದವರಲ್ಲಿ ಹೆನ್ರಿ ಕ್ಲಿಫ್ಟನ್ ಸಾರ್ಬಿ ಮುಖ್ಯ. ಇಂಗ್ಲೆಂಡಿನ ಶೆಫೀಲ್ಡ್‌ನವರು. 1860ರ ದಶಕದಲ್ಲಿ ಅವರೇ ಉಕ್ಕನ್ನೂ ಉಜ್ಜಿ, ಆಸಿಡ್ ತಾಗಿಸಿ ನೋಡಿದರು. ಕಲ್ಲು ನೋಡಿ ಅಭ್ಯಾಸವಾಗಿದ್ದ ಕಣ್ಣು ಕಬ್ಬಿಣವನ್ನು ನೋಡಿತು. ಒಂದು ಕ್ಷೇತ್ರದ ಪದ್ಧತಿಯನ್ನು ಇನ್ನೊಂದಕ್ಕೆ ಒಯ್ದವರ ಬಗ್ಗೆ ನನಗೆ ತುಂಬಾ ಗೌರವ. ಉಕ್ಕಿನ ಕಥೆ ಆಮೇಲೆ ಹೇಳುತ್ತೇನೆ.

ಬಣ್ಣ ನೋಡಿ ಹೆಸರು ಹೇಳಿದೆವು. ಸಾಲದು. ಟಾಲ್ಕ್‌ನಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಇರುತ್ತವೆ. ಕ್ಲೋರೈಟ್‌ನಲ್ಲಿ ಇವುಗಳ ಜತೆ ಅಲ್ಯೂಮಿನಿಯಂ, ಕಬ್ಬಿಣವೂ ಇರುತ್ತವೆ. ಅದನ್ನು ಹೇಳುವುದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಎಸ್‌ಇಎಂ. ಇದರಲ್ಲಿ ಎಲೆಕ್ಟ್ರಾನ್‌ಗಳ ಸಣ್ಣ ಧಾರೆ ಮೇಲ್ಮೈ ಮೇಲೆ ಗದ್ದೆ ಉತ್ತ ಹಾಗೆ ಸಾಲು ಸಾಲಾಗಿ ಓಡುತ್ತದೆ. ಹಿಂದಕ್ಕೆ ಪುಟಿದ ಎಲೆಕ್ಟ್ರಾನ್‌ಗಳನ್ನು ಎಣಿಸಿ ಚಿತ್ರ ಮಾಡಿದರೆ, ಭಾರದ ಪರಮಾಣು ಇರುವ ಜಾಗ ಬೆಳ್ಳಗೆ, ಹಗುರದ ಜಾಗ ಕಪ್ಪಗೆ ಕಾಣುತ್ತದೆ. ಬೆಳಕಿನಲ್ಲಿ ಕಪ್ಪಾಗಿದ್ದ ಮ್ಯಾಗ್ನೆಟೈಟ್ ಇಲ್ಲಿ ಎಲ್ಲರಿಗಿಂತ ಬೆಳ್ಳಗೆ. ಸೀರೆಯ ಅಂಗಡಿಯಾಗಿದ್ದ ಟಾಲ್ಕ್ ಇಲ್ಲಿ ಮಂಕು. ಒಂದೇ ಜಾಗದ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಈಗಲೂ ರೋಮಾಂಚನವಾಗುತ್ತದೆ. ಅದೇ ಯಂತ್ರದಲ್ಲಿ ಎಕ್ಸ್-ರೇ ಹಿಡಿಯುವ ಸಾಧನ ಇದ್ದರೆ, ಇಲ್ಲಿ ಅಲ್ಯೂಮಿನಿಯಂ ಇದೆ, ಅಲ್ಲಿ ಇಲ್ಲ ಅಂತಲೂ ಗೊತ್ತಾಗುತ್ತದೆ. ಆದರೆ ಹೈಡ್ರೋಜನ್ ಅದಕ್ಕೆ ಕಾಣುವುದೇ ಇಲ್ಲ. ಟಾಲ್ಕ್, ಕ್ಲೋರೈಟ್ ಎರಡರಲ್ಲೂ ಹೈಡ್ರೋಜನ್ ಇದೆ, ಆಮ್ಲಜನಕದ ಜತೆ ಕಟ್ಟಿಕೊಂಡು. ಆ ಕಟ್ಟನ್ನು ಗುರುತಿಸಲು ರಾಮನ್ ಮೈಕ್ರೋಸ್ಕೋಪ್ ಬೇಕು. ವಸ್ತುವಿಗೆ ತಾಗಿ ಚದುರಿದ ಬೆಳಕಿನ ಬಣ್ಣ ಕೊಂಚ ಬದಲಾಗುತ್ತದೆ ಅಂತ 1928ರಲ್ಲಿ ಸರ್ ಸಿ. ವಿ. ರಾಮನ್ ಕಂಡುಹಿಡಿದ ಪರಿಣಾಮವನ್ನೇ ಮೈಕ್ರೋಸ್ಕೋಪಿನ ಕೆಳಗೆ ಒಂದು ಚುಕ್ಕೆಯಷ್ಟು ಜಾಗದಲ್ಲಿ ನೋಡುವ ಸಾಧನ ಅದು. ಯಾವ ಪರಮಾಣು ಇದೆ ಅನ್ನುವುದಕ್ಕಿಂತ, ಅವು ಒಂದಕ್ಕೊಂದು ಹೇಗೆ ಕೈ ಹಿಡಿದಿವೆ ಅಂತ ಹೇಳುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನೀವು ಅದನ್ನು ಮಾಡಬಾರದು ಅಂತ.

ಸಂಶೋಧನೆ ಶುರು ಮಾಡಿದ ಮೊದಲ ವರ್ಷ. ಕಲ್ಲಿನ ಮೇಲೆ ಎಲೆಕ್ಟ್ರಾನ್ ಬಿಟ್ಟರೆ ಅವು ಹರಿದುಹೋಗಲು ದಾರಿ ಇಲ್ಲ, ಅಲ್ಲೇ ಸೇರಿಕೊಂಡು ಚಿತ್ರ ಕೆಡುತ್ತದೆ. ಅದಕ್ಕೆ ಮೇಲೆ ತೆಳುವಾಗಿ ಲೋಹ ಲೇಪಿಸುತ್ತಾರೆ. ನಾನು ಚಿನ್ನ ಲೇಪಿಸಿದೆ. ಕೆಲವೇ ನ್ಯಾನೋಮೀಟರ್ ದಪ್ಪ. ಯಂತ್ರದಿಂದ ಹೊರಗೆ ಬಂದಾಗ ಬೂದು ಕಲ್ಲಿನ ಮೇಲೆ ಕಂದು ಹೊಂಬಣ್ಣ, ನೋಡಲು ಚೆಂದ. ಎಸ್‌ಇಎಂ ಚಿತ್ರವೂ ಅದ್ಭುತ. ಟಾಲ್ಕ್ ಪದರಗಳು ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡಿದ್ದ ಒಂದು ಜಾಗ ಸಿಕ್ಕಿತು. ಖುಷಿಯಲ್ಲಿ ಅದೇ ಜಾಗವನ್ನು ರಾಮನ್‌ಗೆ ಒಯ್ದೆ. ಚಿನ್ನ ಬೆಳಕನ್ನು ತಡೆಯಿತು, ಕಲ್ಲಿನ ಸುದ್ದಿಯೇ ಸರಿಯಾಗಿ ಬರಲಿಲ್ಲ. ಸೂಜಿಮೊನೆಯಿಂದ ಮೇಲ್ಮೈ ತಡವಿ ನೋಡುವ ಎಎಫ್‌ಎಂಗೆ ಒಯ್ದೆ. ಅದು ಅಳೆದಿದ್ದು ಚಿನ್ನದ ಉಬ್ಬುತಗ್ಗು. ಚಿನ್ನ ಉಜ್ಜಿ ತೆಗೆಯಲು ಹೋದೆ, ಆ ಜಾಗವೇ ಹೊರಟುಹೋಯಿತು. ಅಂಥ ಇನ್ನೊಂದು ಜಾಗ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ನನ್ನ ಮೇಷ್ಟ್ರು ಬೈಯಲಿಲ್ಲ. "ಮುಂದಿನ ಸಲ ಯಂತ್ರದ ಮುಂದೆ ಕೂರೋ ಮುಂಚೆ ಒಂದು ಹಾಳೆ ಮೇಲೆ ಸರದಿ ಬರ್ಕೊಂಡು ಬಾಪ್ಪ" ಅಂದರು, ಅಷ್ಟೇ.

ಆ ಸರದಿ ಇದು. ಬರಿಗಣ್ಣು ಮೊದಲು. ಆಮೇಲೆ ಭೂತಗನ್ನಡಿ, ಬೆಳಕಿನ ಮೈಕ್ರೋಸ್ಕೋಪ್. ಆಮೇಲೆ ರಾಮನ್, ಎಎಫ್‌ಎಂ. ಆಮೇಲೆ ಚಿನ್ನದ ಬದಲು ಇಂಗಾಲದ ತೆಳು ಲೇಪ ಹಾಕಿ ಎಸ್‌ಇಎಂ, ಎಕ್ಸ್-ರೇ. ಕತ್ತರಿಸುವ, ಒತ್ತಿ ಗುಳಿ ಬೀಳಿಸುವ ಕೆಲಸಗಳೆಲ್ಲ ಕೊನೆಗೆ. ಕಲ್ಲಿಗೆ ಕಡಿಮೆ ನೋವು ಕೊಡುವುದು ಮುಂಚೆ, ಜಾಸ್ತಿ ನೋವು ಕೊಡುವುದು ಹಿಂದೆ.

ಜಾಗ ಗುರುತಿಡುವುದೂ ಅಷ್ಟೇ ಮುಖ್ಯ. ನಮ್ಮೂರಲ್ಲಿ ವಿಳಾಸ ಕೇಳಿದರೆ ಹೇಗೆ ಹೇಳುತ್ತಾರೆ? "ಅರಳಿಕಟ್ಟೆಯಿಂದ ಎಡಕ್ಕೆ ತಿರುಗಿ, ನೀರಿನ ಟ್ಯಾಂಕ್ ದಾಟಿ ಮೂರನೇ ಮನೆ." ಮಾದರಿಯ ಮೇಲೂ ಒಂದು ಅರಳಿಕಟ್ಟೆ ಬೇಕು. ವಜ್ರದ ಮೊನೆಯಿಂದ ಒಂದು ಮೂಲೆಯಲ್ಲಿ ಅಡ್ಡಗೆರೆ ಗೀರುತ್ತೇವೆ. ಎಲ್ಲ ಯಂತ್ರಗಳಲ್ಲೂ ಮೊದಲು ಆ ಗೆರೆ ಹುಡುಕಿ, ಅಲ್ಲಿಂದ ನಡೆಯುತ್ತೇವೆ. ಹೆಚ್ಚು ಹಿಗ್ಗಿಸಿದ ಪ್ರತಿ ಚಿತ್ರದ ಜತೆ ಅದರ ಸುತ್ತಮುತ್ತಲಿನ ಕಡಿಮೆ ಹಿಗ್ಗಿಸಿದ ಚಿತ್ರವನ್ನೂ ತೆಗೆದಿಡಬೇಕು. ಬೇಸರದ ಕೆಲಸ, ಆದರೆ ಬಿಡಬೇಡಿ.

ಈಗ ಕಾಳುಮೆಣಸಿಗೆ ಹೋಗೋಣ. ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಟಿಇಎಂ. ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ 1931ರಲ್ಲಿ ಬರ್ಲಿನ್‌ನಲ್ಲಿ ಮೊದಲು ಕಟ್ಟಿದ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ವಂಶದ್ದು. ರುಸ್ಕಾಗೆ ನೊಬೆಲ್ ಬಂದಿದ್ದು 1986ರಲ್ಲಿ. 55 ವರ್ಷ ಕಾದರು! ಇದರಲ್ಲಿ ಎಲೆಕ್ಟ್ರಾನ್ ಮಾದರಿಯನ್ನು ತೂರಿ ಹೋಗಬೇಕು. ಹಾಗಾಗಿ ಮಾದರಿ 100 ನ್ಯಾನೋಮೀಟರ್ ಅಥವಾ ಅದಕ್ಕಿಂತ ತೆಳು ಇರಬೇಕು. ಗ್ಯಾಲಿಯಂ ಲೋಹದ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳ ಧಾರೆಯಿಂದ, ಬೇಕಾದ ಜಾಗದಲ್ಲೇ, ಒಂದು ತೆಳು ಹಲಗೆ ಕೊರೆದು ತೆಗೆಯುತ್ತಾರೆ. ನಮ್ಮ ಹಾಸನ–ಬೇಲೂರು ಲೆಕ್ಕದಲ್ಲಿ ಅದು 40 ಮೀಟರ್ ಉದ್ದ, 40 ಸೆಂಟಿಮೀಟರ್ ದಪ್ಪದ ಒಂದು ಕಾಂಪೌಂಡ್ ಗೋಡೆ. 40 ಕಿಲೋಮೀಟರ್ ದಾರಿಯಲ್ಲಿ ಯಾರದೋ ಮನೆಯ ಕಾಂಪೌಂಡ್ ಒಂದನ್ನೇ ಕಿತ್ತು ತಂದ ಹಾಗೆ. ಯಾರ ಮನೆಯದು ಅಂತ ಮೊದಲೇ ಗೊತ್ತಿರಬೇಕು, ಅಲ್ವಾ? ಅದನ್ನು ಹೇಳುವುದು ಬೆಳಕಿನ ಮೈಕ್ರೋಸ್ಕೋಪೂ ಎಸ್‌ಇಎಮ್ಮೂ.

ಆ ಗೋಡೆಯನ್ನು ನೋಡಿದರೆ ಪದರಗಳು ಕಾಣುತ್ತವೆ. ಟಾಲ್ಕ್‌ನ ಒಂದು ಪದರ 0.93 ನ್ಯಾನೋಮೀಟರ್‌ನ ಹತ್ತಿರ. ಕ್ಲೋರೈಟ್‌ನದು 1.4. ಕಾಳುಮೆಣಸಿನ ಗಾತ್ರದ ಪದರಗಳು ಒಂದರ ಮೇಲೊಂದು, ಸಾವಿರಾರು. ಟಾಲ್ಕ್‌ನಲ್ಲಿ ಪದರದೊಳಗಿನ ಬಂಧ ಬಲವಾಗಿದೆ. ಆದರೆ ಪದರ ಪದರದ ನಡುವಿನ ಹಿಡಿತ ತೀರಾ ಸಡಿಲ. ಒತ್ತಿದರೆ ಜಾರುತ್ತವೆ. ನಿಮ್ಮ ಉಗುರು ಗೀರಿದಾಗ ಆಗಿದ್ದು ಅದೇ. ಗಡಸುತನದ ಮೋಸ್ ಮಾಪನದಲ್ಲಿ ಟಾಲ್ಕ್‌ಗೆ 1, ಎಲ್ಲಕ್ಕಿಂತ ಕೆಳಗೆ. ಕ್ಲೋರೈಟ್ 2ರಿಂದ 2.5. ಗೊಮ್ಮಟನ ಕಲ್ಲಿನ ಕ್ವಾರ್ಟ್ಜ್ 7. ಕ್ವಾರ್ಟ್ಜ್‌ನಲ್ಲಿ ಪದರವೇ ಇಲ್ಲ, ಎಲ್ಲ ದಿಕ್ಕಿಗೂ ಹೆಣೆದುಕೊಂಡ ಬಲೆ.

ಹಾಗಾದರೆ ಉತ್ತರ ಸಿಕ್ಕಿತು, ಪದರ ಜಾರುತ್ತದೆ, ಮುಗಿಯಿತು ಅನ್ನಬಹುದು. ಮುಗಿಯಲಿಲ್ಲ. ಬರೀ ಟಾಲ್ಕ್ ಆಗಿದ್ದರೆ ಮದನಿಕೆಯ ಬಳೆ ನಿಲ್ಲುತ್ತಿತ್ತಾ? ಮತ್ತೆ ಬೆಳಕಿನ ಚಿತ್ರಕ್ಕೆ ಬನ್ನಿ. ಕಣಗಳು ಪುಟ್ಟವು, ಒಂದರೊಳಗೊಂದು ಚಾಪೆಯ ಹಾಗೆ ಹೆಣೆದಿವೆ. ಒಂದು ಕಣದಲ್ಲಿ ಜಾರು ಶುರುವಾದರೆ ಪಕ್ಕದ ಕಣದ ಪದರ ಬೇರೆ ದಿಕ್ಕಿಗೆ ಮುಖ ಮಾಡಿದೆ, ಅಲ್ಲಿ ಅದು ನಿಲ್ಲುತ್ತದೆ. ಚಾಣಕ್ಕೆ ಬಗ್ಗುವಷ್ಟು ಮೆತ್ತಗೆ, ಬಳೆ ನಿಲ್ಲುವಷ್ಟು ಗಟ್ಟಿ. ಮೆತ್ತಗಿರುವುದು ನ್ಯಾನೋಮೀಟರಿನಲ್ಲಿದೆ, ಗಟ್ಟಿತನ ಮೈಕ್ರೋಮೀಟರಿನಲ್ಲಿದೆ. ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಮಲಗಿರುವ ಜಾಗದಲ್ಲಿ ಇದೇ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಶಿಲ್ಪಿಗಳು ಕಲ್ಲಿಗೆ ತಟ್ಟಿ, ಸದ್ದು ಕೇಳಿ, ತಿರುಗಿಸಿ ನೋಡಿಯೇ ಚಾಣ ಇಡುತ್ತಾರೆ. ಅವರು ಕೈಯಲ್ಲಿ ತಿಳಿದಿದ್ದನ್ನು ನಾವು ಕಣ್ಣಲ್ಲಿ ನೋಡುತ್ತಿದ್ದೇವೆ.

ಇನ್ನೊಂದು ವಿಷಯ, ನನಗೆ ಅತಿ ಇಷ್ಟವಾದದ್ದು. ಎರಡು ಯಂತ್ರಗಳು ಜಗಳವಾಡಿದಾಗ ಏನು ಮಾಡಬೇಕು? ಒಂದು ಕಣದಲ್ಲಿ ಎಕ್ಸ್-ರೇ ಸಾಧನ ಅರೆಬರೆ ಅಲ್ಯೂಮಿನಿಯಂ ತೋರಿಸಿತು ಅಂದುಕೊಳ್ಳಿ. ಟಾಲ್ಕ್‌ಗೆ ಜಾಸ್ತಿ, ಕ್ಲೋರೈಟ್‌ಗೆ ಕಡಿಮೆ. ಅದೊಂದನ್ನೇ ನಂಬಿದರೆ ಇದು ಮೂರನೆಯದೇ ಖನಿಜ ಅಂತ ಬರೆದುಬಿಡುತ್ತೇವೆ. ಟಿಇಎಂ ಬೇರೆ ಕಥೆ ಹೇಳುತ್ತದೆ: ಟಾಲ್ಕ್ ಪದರಗಳ ನಡುವೆ ಕ್ಲೋರೈಟ್ ಪದರಗಳು ನುಸುಳಿಕೊಂಡಿವೆ. ಎಕ್ಸ್-ರೇ ಸಾಧನ ಸುಳ್ಳು ಹೇಳಿಲ್ಲ. ಅದು ಒಂದು ಸಲಕ್ಕೆ ಸುಮಾರು ಒಂದು ಮೈಕ್ರೋಮೀಟರ್ ಜಾಗದ ಸುದ್ದಿ ತರುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಕೋಣೆ. ಕೋಣೆ ತುಂಬ ಕಾಳುಮೆಣಸೂ ಅಕ್ಕಿಯೂ ಬೆರೆಸಿ ಸುರಿದಿದ್ದರೆ, ಬಾಗಿಲಲ್ಲಿ ನಿಂತವನಿಗೆ ಬೂದು ಬಣ್ಣದ ರಾಶಿಯಷ್ಟೇ ಕಾಣುತ್ತದೆ. ಇಬ್ಬರೂ ನಿಜವನ್ನೇ ಹೇಳಿದರು. ಎರಡು ಚಿತ್ರ ಹೊಂದದಿದ್ದಾಗ ಒಂದನ್ನು ಡ್ರಾಯರಿಗೆ ಹಾಕಿ ಮುಚ್ಚಬೇಡಿ. ಹೊಸ ತಿಳಿವಳಿಕೆ ಇರುವುದು ಅಲ್ಲೇ.

ಉಕ್ಕಿನ ಕಥೆ ಹೇಳುತ್ತೇನೆ ಅಂದಿದ್ದೆ. ನನ್ನ ಸೋದರಮಾವನಿಗೆ ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ. ಒಂದು ವರ್ಷ ಅರೇಬಿಕಾ ಕೊಯ್ಲಿನ ಮಧ್ಯೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್‌ನ ಶಾಫ್ಟ್, ಅಂದರೆ ತಿರುಗುವ ಉಕ್ಕಿನ ದಂಡ, ತುಂಡಾಯಿತು. ನಿಮ್ಮಲ್ಲಿ ತೋಟದ ಮನೆಯವರು ಇದ್ದೀರಿ, ಗೊತ್ತಿರುತ್ತದೆ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಹಿಡಿಯುತ್ತದೆ. ಮಾವ ಬೇರೆಯವರ ಪಲ್ಪರ್ ಕೇಳಿಕೊಂಡು ಆ ವಾರ ದೂಡಿದರು. ಆಮೇಲೆ ಎರಡು ತುಂಡನ್ನೂ ಪೇಪರಿನಲ್ಲಿ ಸುತ್ತಿ ನನ್ನ ಹತ್ತಿರ ತಂದರು. "ಕಬ್ಬಿಣನೇ ಸರಿಯಿಲ್ಲ ಕಣೋ. ಅಂಗಡಿಯವನು ಮೋಸ ಮಾಡಿದಾನೆ. ನೀನು ನೋಡಿ ಬರ್ಕೊಡು" ಅಂದರು.

ಪೇಪರ್ ಬಿಚ್ಚುತ್ತಲೇ ಮಾವ ಎರಡು ತುಂಡನ್ನೂ ಎತ್ತಿ, ಹೀಗಿತ್ತು ನೋಡು ಅಂತ ಜೋಡಿಸಲು ಹೋದರು. ನಾನು ಅವರ ಕೈ ಹಿಡಿದೆ. ಮುರಿದ ಮುಖಗಳನ್ನು ಯಾವತ್ತೂ ಮತ್ತೆ ಜೋಡಿಸಿ ನೋಡಬಾರದು. ಒಂದಕ್ಕೊಂದು ಉಜ್ಜಿದರೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ.

ಬರಿಗಣ್ಣಿಗೇ ಅರ್ಧ ಕಥೆ ಕಂಡಿತು. ಮುರಿದ ಮುಖದ ಮೇಲೆ ಒಂದು ಮೂಲೆಯಿಂದ ಹೊರಟ ಕಮಾನು ಕಮಾನಾದ ಗೆರೆಗಳು. ಶೆಟ್ಟಿಹಳ್ಳಿಯ ಹಳೆ ಚರ್ಚಿನ ಗೋಡೆ ನೋಡಿದ್ದೀರಲ್ಲ, ಹೇಮಾವತಿ ಹಿನ್ನೀರು ಇಳಿಯುತ್ತಾ ಬಿಟ್ಟ ಗುರುತು, ಹಾಗೆ. ಬಿರುಕು ಒಂದೇ ದಿನ ಬಂದಿದ್ದಲ್ಲ. ನಿಧಾನಕ್ಕೆ, ನಿಂತು ನಿಂತು ಮುಂದೆ ಹೋಗಿದೆ. ಇದನ್ನು ಲೋಹದ ದಣಿವು ಅನ್ನುತ್ತೇವೆ. ಎಸ್‌ಇಎಂನಲ್ಲಿ ಆ ಗೆರೆಗಳ ನಡುವೆ ಇನ್ನೂ ಸಣ್ಣ ಗೀರುಗಳು ಕಂಡವು. ಒಂದೊಂದು ಗೀರು ಹೆಚ್ಚುಕಡಿಮೆ ಶಾಫ್ಟ್ ಒಂದೊಂದು ಸಲ ಬಾಗಿದ ಲೆಕ್ಕ. ಕೊನೆಗೆ ಉಳಿದಿದ್ದ ಚೂರು ಭಾಗ ಒಮ್ಮೆಗೇ ಹರಿದ ಜಾಗದಲ್ಲಿ ಇಡ್ಲಿ ತಟ್ಟೆಯ ಹಾಗೆ ಗುಳಿ ಗುಳಿ.

ಉಕ್ಕು ಕೆಟ್ಟದ್ದಾ? ಮುರಿದ ಮುಖದಿಂದ ದೂರದಲ್ಲಿ ಒಂದು ಹೋಳು ಕತ್ತರಿಸಿ, ಕನ್ನಡಿಯ ಹಾಗೆ ಉಜ್ಜಿ, ಆಲ್ಕೋಹಾಲ್‌ನಲ್ಲಿ ಶೇಕಡಾ 2ರಷ್ಟು ನೈಟ್ರಿಕ್ ಆಸಿಡ್ ಬೆರೆಸಿ ತಾಗಿಸಿದೆ. ಸಾರ್ಬಿ ನೋಡಿದ್ದೇ ಇಲ್ಲೂ ಕಂಡಿತು: ಹೆಚ್ಚುಕಡಿಮೆ ಶುದ್ಧ ಕಬ್ಬಿಣವೇ ಆದ ಬಿಳಿ ಫೆರೈಟ್, ಇಂಗಾಲ ಸೇರಿದ ಪಟ್ಟೆ ಪಟ್ಟೆ ಪರ್ಲೈಟ್. ಸಾಮಾನ್ಯ ಉಕ್ಕು, ದೋಷವಿಲ್ಲ. ಆದರೆ ಉದ್ದುದ್ದ ಬೂದು ಎಳೆಗಳೂ ಇದ್ದವು. ಎಕ್ಸ್-ರೇ ಹೇಳಿತು: ಮ್ಯಾಂಗನೀಸ್, ಗಂಧಕ. ಇಲ್ಲಿಗೇ ನಿಲ್ಲಿಸಿದ್ದರೆ ಉಕ್ಕಿನಲ್ಲಿ ಕಸ ಇದೆ, ಮಾವ ಹೇಳಿದ್ದೇ ಸರಿ ಅಂತ ಬರೆದುಕೊಡುತ್ತಿದ್ದೆ. ಬರೆದಿದ್ದರೆ ಒಬ್ಬ ನಿರಪರಾಧಿ ಅಂಗಡಿಯವನ ಮೇಲೆ ಆಪಾದನೆ ಹೊರಿಸಿದ ಹಾಗಾಗುತ್ತಿತ್ತು. ಮತ್ತೆ ಮುರಿದ ಮುಖಕ್ಕೆ ಹೋಗಿ ಕಮಾನುಗಳೆಲ್ಲ ಹೊರಟ ಜಾಗವನ್ನೇ ನೋಡಿದೆ. ಅಲ್ಲಿ ಆ ಕಸ ಇರಲಿಲ್ಲ. ಇದ್ದಿದ್ದು ಕೀವೇ, ಪುಲ್ಲಿ ಜಾರದಂತೆ ಕೀ ಕೂರಿಸುವ ಕಾಲುವೆ. ಅದರ ಒಳಮೂಲೆಯನ್ನು ಚಾಕುವಿನಂತೆ ಚೂಪಾಗಿ ಕತ್ತರಿಸಿದ್ದರು. ಬಾಗುವ ಒತ್ತಡವೆಲ್ಲ ಆ ಮೂಲೆಗೇ ಬಂದು ನಿಲ್ಲುತ್ತಿತ್ತು. ಹೊಸ ಶಾಫ್ಟ್‌ಗೆ ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿಸಿ ಅಂದೆ. ಲೇತ್ ಯಜಮಾನರಿಗೆ ಚಿತ್ರ ತೋರಿಸಿದಾಗ ಅವರು ತುಂಬಾ ಹೊತ್ತು ನೋಡಿ, "ಇದು ನಾನೇ ಕತ್ತರಿಸಿದ್ದು ಸರ್, ಇನ್ಮೇಲೆ ಹೀಗೆ ಮಾಡಲ್ಲ" ಅಂದರು. ಆ ಪ್ರಾಮಾಣಿಕತೆಯನ್ನು ನಾನು ಮರೆತಿಲ್ಲ.

ಇಷ್ಟೆಲ್ಲ ಯಂತ್ರ ನಮ್ಮ ಕಾಲೇಜಿನಲ್ಲಿ ಎಲ್ಲಿವೆ ಅಂತ ಕೇಳುತ್ತೀರಿ. ದೊಡ್ಡ ಯಂತ್ರಗಳನ್ನು ಹಂಚಿಕೊಳ್ಳಲು ಐ-ಸ್ಟೆಮ್ ಅನ್ನುವ ರಾಷ್ಟ್ರೀಯ ಜಾಲತಾಣ ಇದೆ. ಎಲ್ಲಿ ಯಾವ ಯಂತ್ರ ಇದೆ ಅಂತ ನೋಡಿ ಸಮಯ ಕೇಳಬಹುದು. ಶಿಕ್ಷಕರು ಇದನ್ನು ದಯವಿಟ್ಟು ಬಳಸಿ. ಆದರೆ ಅದಕ್ಕೆ ಕಾಯಬೇಕಿಲ್ಲ. ಲ್ಯಾಬಿನಲ್ಲಿರುವ ಸಾಮಾನ್ಯ ಮೈಕ್ರೋಸ್ಕೋಪ್ ತಗೊಳ್ಳಿ. ಎರಡು ತುಂಡು ಪೋಲರಾಯ್ಡ್ ಹಾಳೆ ತಗೊಳ್ಳಿ. ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಮೇಲೆ ಇಟ್ಟು, ಕತ್ತಲಾಗುವ ತನಕ ತಿರುಗಿಸಿ. ನಡುವೆ ನಾಲ್ಕು ಕಾಳು ಸಕ್ಕರೆ, ನಾಲ್ಕು ಹರಳು ಉಪ್ಪು ಹಾಕಿ. ಬರಿಗಣ್ಣಿಗೆ ಎರಡೂ ಬಿಳಿ. ಅಲ್ಲಿ ಸಕ್ಕರೆ ಬಣ್ಣ ಬಣ್ಣವಾಗಿ ಹೊಳೆಯುತ್ತದೆ, ಉಪ್ಪು ಕತ್ತಲಲ್ಲೇ ಉಳಿಯುತ್ತದೆ. ಉಪ್ಪಿನ ಹರಳು ಘನಾಕೃತಿಯದು, ಅದರೊಳಗೆ ಬೆಳಕು ಯಾವ ದಿಕ್ಕಿಗೆ ಹೋದರೂ ಒಂದೇ. ಸಕ್ಕರೆಯಲ್ಲಿ ಹಾಗಲ್ಲ.

ಹಿಂದಿನ ಮೇಜಿನ ಮೇಲೆ ಅದನ್ನು ಜೋಡಿಸಿಟ್ಟಿದ್ದೇನೆ. ಪಕ್ಕದಲ್ಲಿ ಬಳಪದ ಕಲ್ಲಿನ ತೆಳು ಸ್ಲೈಡೂ ಇದೆ, ಅದರ ಬಲ ಮೂಲೆಯಲ್ಲಿ ಅಡ್ಡಗೆರೆ ಹುಡುಕಿ, ಅಲ್ಲಿಂದ ಎಡಕ್ಕೆ ಬಂದರೆ ದೊಡ್ಡ ಕಪ್ಪು ಮ್ಯಾಗ್ನೆಟೈಟ್ ಸಿಗುತ್ತದೆ. ಅದೇ ಜಾಗದ ಎಸ್‌ಇಎಂ ಚಿತ್ರ ಕೆಳಗೆ ಅಂಟಿಸಿದೆ. ಮಾವನ ಶಾಫ್ಟ್‌ನ ಒಂದು ತುಂಡೂ ಇದೆ. ಕೈಗೆ ತಗೊಂಡು ನೋಡಿ, ಭೂತಗನ್ನಡಿ ಹಿಡಿದು ಬಿರುಕು ಎಲ್ಲಿಂದ ಹೊರಟಿದೆ ಅಂತ ನೀವೇ ಹುಡುಕಿ. ಮುರಿದ ಮುಖವನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ.